ದಿಬ್ಬದ ಮನಿಗೆ ಅರ್ಧ ತಾಸಿನ ನೀರು

ಕೊರೊನಾ ಹೋದ ಮರುವರ್ಷ ನಾನು ನಮ್ಮೂರ ಪಂಚಾಯ್ತಿಯಾಗ ವಾಟರ್‌ಮ್ಯಾನ್ ಇದ್ದೆ. ಹೆಂಗಸಾದರೂ ಕಾಗದದಾಗ ಕಡೀತನಕ ವಾಟರ್‌ಮ್ಯಾನ್ ಅಂತಲೇ ಇತ್ತು. ಯಾರೂ ತಿದ್ದಲಿಲ್ಲ, ನಾನೂ ಕೇಳಲಿಲ್ಲ. ಊರು ಯಾದಗಿರಿಯಿಂದ ಹದಿಮೂರು ಕಿಲೋಮೀಟರ್, ಶಹಾಪುರ ರಸ್ತೆಗೆ ಹೊಂದಿ. ಹೆಸರು ಬರೆಯೂದಿಲ್ಲ. ನಾನಿನ್ನೂ ಅಲ್ಲೇ ಇದ್ದೀನಿ, ನಾಳೆ ನನಗೂ ನೀರು ಬೇಕು.

ಮೊದಲು ಆ ಕೆಲಸ ನನ್ನ ಗಂಡಂದು. ಮಳಿಗಾಲದಾಗ ಹಸಿ ಕೈಲೆ ಮೋಟರಿನ ಸ್ಟಾರ್ಟರ್ ಹಿಡಿದು ಕರೆಂಟ್ ಹೊಡೆದು ಸತ್ತ. ನಮ್ಮಲ್ಲಿ ಗಂಡ ಸತ್ತಾಕಿ ನಾಕು ತಿಂಗಳು ಹತ್ತು ದಿನ ಇದ್ದತ್ ಕೂಡಬೇಕು, ಹೊಸ್ತಿಲ ದಾಟಬಾರದು. ಊರು ಅಷ್ಟು ದಿನ ನೀರಡಿಸಿ ಕೂಡ್ತದೇನು? ಮಣ್ಣು ಕೊಟ್ಟು ಬಂದ ಮರುದಿನ ನಾಕು ಮಂದಿ ಬಂದರು. ಸಮಾಧಾನದ ಮಾತು ಹೇಳಿದರು, ಚಾ ಕುಡಿದರು, ಆಮೇಲೆ ಚಾಬಿ ಎಲ್ಲಿ ಅದ ಅಂತ ಕೇಳಿದರು. ಚಾಬಿ ಕೊಟ್ಟರೆ ಅನ್ನ ಹೋಗ್ತದ ಅಂತ ನನಗ ತಿಳೀತು. ನಾನೇ ಎದ್ದು ಹೋಗಿ ನೀರು ಬಿಟ್ಟೆ. ಹಂಗ ಹನ್ನೊಂದು ವರ್ಷ ಬಿಟ್ಟೆ. ಅಕ್ಷರ ಕಲಿತದ್ದೂ ಆ ನೌಕರಿಗಾಗಿ. ಮೋಟರ್ ಎಷ್ಟಕ್ಕೆ ಚಾಲೂ, ಎಷ್ಟಕ್ಕೆ ಬಂದ್ ಅಂತ ದಿನಾ ಲಾಗ್ ಬುಕ್ಕಿನಾಗ ಬರೀಬೇಕಾಗಿತ್ತು. ನನ್ನ ಬರಹ ಈಗಲೂ ಹಂಗೇ ಅದ, ಎಷ್ಟು ಬೇಕೋ ಅಷ್ಟು.

ಕೆಲಸ ತಿಳಿಯದವರಿಗೆ ಒಂದಿಷ್ಟು ಹೇಳಬೇಕು. ಊರ ನಡುವೆ ಕಂಬದ ಮ್ಯಾಲ ಐವತ್ತು ಸಾವಿರ ಲೀಟರಿನ ಟಾಕಿ. ಹಳ್ಳದ ದಂಡೀಗೆ ಬೋರು, ಅದರಾಗ ಏಳೂವರೆ ಎಚ್‌ಪಿ ಮೋಟರ್. ತ್ರೀ ಫೇಸ್ ಕರೆಂಟ್ ಇದ್ದಾಗ ಮಾತ್ರ ಅದು ತಿರುಗ್ತದ. ಟಾಕಿ ತುಂಬಲಿಕ್ಕೆ ನಾಕು ತಾಸು. ಟಾಕಿಯಿಂದ ಐದು ಓಣಿಗೆ ಐದು ಪೈಪು ಹೋಗ್ಯಾವ. ಒಂದೊಂದು ಪೈಪಿಗೂ ನೆಲದಾಗ ಒಂದು ಗುಂಡಿ, ಗುಂಡಿಯೊಳಗ ಗೇಟ್ ವಾಲ್ವ್. ಮಾರುದ್ದದ ಕಬ್ಬಿಣದ ಚಾಬಿ ಇಳಿಬಿಟ್ಟು ತಿರುವಿದರೆ ಆ ಓಣಿಗೆ ನೀರು ಹೋಗ್ತದ, ಹೊಳ್ಳಿ ತಿರುವಿದರೆ ನಿಲ್ತದ. ಐದೂ ಓಣಿಗೆ ಒಮ್ಮೆಲೇ ಬಿಟ್ಟರೆ ಯಾರಿಗೂ ಸರಿಯಾಗಿ ಬರೂದಿಲ್ಲ. ಅದಕ್ಕೆ ಸರದಿ.

ಸರದಿ ಹಿಂಗಿತ್ತು. ಮುಂಜಾನೆ ಆರೂವರೆಗೆ ಗೌಡರ ಓಣಿ. ಏಳೂ ಹತ್ತಕ್ಕೆ ಪ್ಯಾಟಿ ಓಣಿ. ಎಂಟಕ್ಕೆ ಹತ್ತು ನಿಮಿಷ ಇರುವಾಗ ನಮ್ಮ ಮಸೂತಿ ಓಣಿ. ಎಂಟೂವರೆಗೆ ದಿಬ್ಬದ ಓಣಿ. ಒಂಬತ್ತರ ಮ್ಯಾಲ ಟಾಕಿಯ ತಳದಾಗ ಉಳಿದದ್ದು ಕೇರಿಗೆ. ಉಳಿಯದಿದ್ದರೆ ಇಲ್ಲ. ಇದು ಎಲ್ಲೂ ಬರೆದಿಟ್ಟದ್ದಲ್ಲ. ನನ್ನ ಗಂಡನ ಕೈಗೆ ಚಾಬಿ ಬಂದಾಗಲೂ ಹಿಂಗೇ ಇತ್ತು. ನಮ್ಮೂರಾಗ ಮೊದಲ ನೀರು ಅಂದ್ರ ಮದುವಿಯಾಗ ಮೊದಲ ತಾಂಬೂಲ ಇದ್ದಂಗ. ಅದು ನೀರಡಿಕೆಯ ಮಾತಲ್ಲ, ಮಾನದ ಮಾತು.

ಯಾದಗಿರಿ ಜಿಲ್ಲಾ ಆದ ಮ್ಯಾಲ ಅಲ್ಲಿ ಬಾಡಿಗಿ ಏರಿತು. ಆಫೀಸಿನವರು, ಕಡೇಚೂರಿನ ಫ್ಯಾಕ್ಟರಿಗೆ ಹೋಗೋರು, ಸುತ್ತ ಹಳ್ಳ್ಯಾಗ ಮನಿ ನೋಡಾಕ ಶುರು ಮಾಡಿದರು. ಗೌಡರ ಓಣಿಯ ಶರಣಗೌಡ ಇದನ್ನ ನೋಡಿ ದಿಬ್ಬದ ತುದೀಗೆ ಸಾಲಾಗಿ ಮೂರು ಮನಿ ಕಟ್ಟಿಸಿದ. ಅವ ಹಿಂದ ಎರಡು ಸಲ ಪಂಚಾಯ್ತಿ ಮೆಂಬರ್ ಆಗಿದ್ದವ, ಈಗ ಅವನ ತಮ್ಮ ಮೆಂಬರ್. ಮನಿ ಚಂದ ಇದ್ದವು, ಮ್ಯಾಲ ಗಾಳಿ, ಕೆಳಗ ಬಂಡಿ, ಕಾರು ನಿಲ್ಲೂವಷ್ಟು ಜಾಗ. ನೀರು ಮಾತ್ರ ಇಲ್ಲ. ಎಂಟೂವರೆಗೆ ದಿಬ್ಬದ ಓಣಿಯ ಸರದಿ ಬರೂದರೊಳಗ ಟಾಕಿ ಮುಕ್ಕಾಲು ಖಾಲಿ. ಒತ್ತಡ ಇರೂದಿಲ್ಲ. ದಿಬ್ಬದ ಕೆಳಗಿನ ಒಂಬತ್ತು ಮನಿಗೆ ನೀರು ಬರ್ತಿತ್ತು, ತುದೀಗೆ ಏರ್ತಿರಲಿಲ್ಲ. ಮೂರು ಸಲ ಮಂದಿ ಬಂದು ನಳ ತಿರುವಿ, ಅದು ಉಸ್ ಅಂದದ್ದು ಕೇಳಿ, ಚಾ ಕುಡಿದು ಹೋದರು.

ದೀಪಾವಳಿ ಮುಗಿದ ಮ್ಯಾಲ ಶರಣಗೌಡ ನಮ್ಮ ಮನಿ ಬಾಗಿಲಿಗೆ ಬಂದ. ಗೌಡರು ಮಸೂತಿ ಓಣಿಗೆ ಬರೂದು ಓಟಿನ ಕಾಲಕ್ಕ ಇಲ್ಲಾ ಕೆಲಸ ಇದ್ದಾಗ.

"ಹುಸೇನಬಿ, ಐತವಾರ ಹತ್ತಕ್ಕ ಮಂದಿ ಬರೋರಿದ್ದಾರ. ದಿಬ್ಬಕ್ಕ ನೀರು ಏರಬೇಕು ನೋಡು."

"ಏರೂದಿಲ್ಲಲ್ರಿ ಗೌಡ್ರ."

"ಟಾಕಿ ತುಂಬ ಇಟ್ಟು, ಉಳದ ನಾಕೂ ಬಂದ್ ಮಾಡಿದ್ರ?"

ಆಗ ಏರ್ತದ. ಅದು ನನಗ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಅವ ಏನೂ ಕೊಡಲಿಲ್ಲ, ನಾನೂ ಕೇಳಲಿಲ್ಲ. ನನ್ನ ನೌಕರಿ ವರ್ಷಾ ವರ್ಷಾ ಮುಂದುವರಿಸೂದು ಅವನ ತಮ್ಮ ಕೈ ಎತ್ತುವ ಮೀಟಿಂಗಿನಾಗ. ಅಷ್ಟೇ ಲೆಕ್ಕ.

ಆ ಐತವಾರ ಮುಂಜಾನೆ ಊರಿಗೆ ನೀರು ಬಿಡಲಿಲ್ಲ. ಮೋಟರ್ ಕೆಟ್ಟದ ಅಂದೆ. ಪ್ಯಾಟಿ ಓಣಿಯ ಹೆಂಗಸರು ಖಾಲಿ ಕೊಡ ಹಿಡಕೊಂಡು ಟಾಕಿ ಕೆಳಗ ನಿಂತು ನನ್ನ ಅಪ್ಪ-ಅಜ್ಜನ ತನಕ ಹೋಗಿ ಬಂದರು. ಹತ್ತಕ್ಕೆ ಐದು ನಿಮಿಷ ಇರುವಾಗ ದಿಬ್ಬದ ವಾಲ್ವ್ ಒಂದೇ ಪೂರಾ ತೆರೆದು, ಚಾಬಿ ಹೆಗಲ ಮ್ಯಾಲ ಇಟಗೊಂಡು ದಿಬ್ಬ ಹತ್ತಿದೆ. ಹೊಸಬರು ನೀರಿನಾಕಿನ್ನ ಮಾತಾಡಿಸಬೇಕು ಅಂದಿದ್ದರಂತ.

ಅವಳ ಹೆಸರು ಗಿರಿಜಾ. ಸುರಪುರದ ಕಡೆಯಾಕಿ, ಮೂವತ್ತರ ಆಜುಬಾಜು. ಯಾದಗಿರಿಯ ಒಂದು ಆಫೀಸಿನಾಗ ಕಂಪ್ಯೂಟರ್ ಕೆಲಸ, ಔಟ್‌ಸೋರ್ಸ್. ಅಂದ್ರ ಏಜೆನ್ಸಿಯವರು ಕೆಲಸಕ್ಕ ಇಟ್ಟುಕೊಂಡು ಆಫೀಸಿಗೆ ಕಳಿಸೂದು. ಬ್ಯಾಡ ಅಂದ್ರ ಮರುದಿನ ಇಲ್ಲ. ಗಂಡ ಶಿವಶರಣ ಕಡೇಚೂರಿನ ಫ್ಯಾಕ್ಟರಿಯಾಗ ಶಿಫ್ಟಿನ ಮ್ಯಾಲ. ನಾಕು ವರ್ಷದ ಮಗಳು. ಯಾದಗಿರಿಯಾಗ ಹತ್ತಿ ಮಿಲ್ಲಿನ ಬಾಜೂಕ ಒಂದು ಖೋಲಿಯಾಗ ಇದ್ದರು. ಹತ್ತಿಯ ಧೂಳಿಗೆ ಮಗುವಿಗೆ ದಮ್ಮು ಹಿಡಿದಿತ್ತು. ಊರು ಬಿಟ್ಟು ಹಳ್ಳಿ ಗಾಳಿಗೆ ಒಯ್ಯಿರಿ ಅಂತ ಡಾಕ್ಟರು ಹೇಳಿದ್ದರು. ಆದರೆ ನೌಕರಿ ಬಿಡುವಂಗಿಲ್ಲ, ಆಫೀಸಿನಾಗ ಹತ್ತು ಗಂಟೆಯೊಳಗ ಹೆಬ್ಬೆಟ್ಟು ಒತ್ತಬೇಕು.

ಆಕಿ ಬುದ್ಧಿಗೇಡಿ ಅಲ್ಲ. ಇದನ್ನ ಒತ್ತಿ ಹೇಳ್ತೀನಿ. ಕೈಯಾಗ ಒಂದು ನೋಟ್‌ಬುಕ್ ಇತ್ತು, ಎಂಟು ಹಳ್ಳಿ ನೋಡಿ ಬರೆದಿದ್ದಳು. ಸೈದಾಪುರ ಗಂಡನ ಕೆಲಸಕ್ಕೆ ಹತ್ತಿರ, ಆದರೆ ಆಕಿಗೆ ರೈಲು ನಂಬಿ ಹತ್ತರೊಳಗ ಯಾದಗಿರಿ ಮುಟ್ಟೂದು ಆಗೂದಿಲ್ಲ. ಬಳಿಚಕ್ರದಾಗ ಮನಿ ಚಂದ ಸಿಕ್ಕಿತ್ತು, ಸಂಜೀ ಬಸ್ಸು ಹೊಂದಲಿಲ್ಲ. ನಮ್ಮೂರಿಗೆ ಶಹಾಪುರದ ಬಸ್ಸು ಬೇಕಾದಷ್ಟು, ಎಂಟೂ ಇಪ್ಪತ್ತರದ್ದು ಹತ್ತಿದರೆ ಒಂಬತ್ತಕ್ಕೆ ಯಾದಗಿರಿ. ಅಂಗನವಾಡಿ ನೋಡಿದ್ದಳು, ನರ್ಸಮ್ಮ ಯಾವ ವಾರ ಬರ್ತಾಳ ಅಂತ ಕೇಳಿದ್ದಳು, ಮಾಳಿಗಿ ಹತ್ತಿ ಮೊಬೈಲಿಗೆ ರೇಂಜ್ ನೋಡಿದ್ದಳು. ನಳ ತಾನೇ ತಿರುವಿ, ಬಕೇಟ್ ಇಟ್ಟು, ಮೊಬೈಲಿನಾಗ ಗಡಿಯಾರ ಹಚ್ಚಿದಳು. ಒಂದು ಬಕೇಟ್ ತುಂಬಲಿಕ್ಕೆ ಐವತ್ತು ಸೆಕೆಂಡ್. ಅದನ್ನೂ ಬರೆದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಆಯಿ, ದಿನಾ ಹಿಂಗ ಬರ್ತದೇನ್ರಿ?"

ಶರಣಗೌಡ ಗೋಡಿಗೆ ಆನಿಸಿ ನಿಂತಿದ್ದ. ನನ್ನ ಕಡೆ ನೋಡಲಿಲ್ಲ, ನೋಡೂ ಜರೂರೂ ಇರಲಿಲ್ಲ.

"ನೀರು ಬಿಡೂದು ನಾನೇ ಅಲ್ಲೇನು ತಂಗಿ," ಅಂದೆ. "ಬರ್ತದ."

ಹತ್ತೂವರೆಗೆ ಇಳಿದು ಹೋಗಿ ವಾಲ್ವ್ ಬಂದ್ ಮಾಡಿ ಗೌಡರ ಓಣಿಗೆ ಬಿಟ್ಟೆ. ಆಕಿ ತವರಿನ ಬಂಗಾರ ಮಾರಿ ಗಂಡ-ಹೆಂಡತಿ ಆ ಮನಿ ಖರೀದಿ ಮಾಡಿದರು. ಸಂಕ್ರಾಂತಿ ಮಾಡಿಕೊಂಡು ಬಂದು ಇಳಿದರು. ಮೋಟರ್ ಕೆಟ್ಟಿರಲಿಲ್ಲ ಅಂತ ಊರಿಗೆಲ್ಲಾ ಗೊತ್ತಿತ್ತು. ಒಬ್ಬರೂ ಬಾಯಿ ಬಿಡಲಿಲ್ಲ.

ಮೊದಲ ವಾರ ಆಕಿ ನಳದ ಕೆಳಗ ಕೊಡ ಇಟ್ಟು ಕಾದಳು. ಉಸ್ ಅಂತಿತ್ತು, ಹನಿ ಬೀಳ್ತಿತ್ತು, ನಿಲ್ತಿತ್ತು. ಮೂರನೇ ದಿನ ನನ್ನ ಹತ್ತಿರ ಬಂದಳು. ಟಾಕಿ, ಒತ್ತಡ, ಏರು, ಎಲ್ಲಾ ತಿಳಿಸಿ ಹೇಳಿದೆ. ಐತವಾರದ ಮಾತು ಆಕಿ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ದಿಬ್ಬದ ಕೆಳಗ ಕೈಲೆ ಹೊಡೆಯೂ ಬೋರಿಂಗ್ ಒಂದದ. ಸವಳು ನೀರು, ಉಪ್ಪುಪ್ಪು. ಒಂದು ಕೊಡ ತುಂಬಲಿಕ್ಕೆ ನಲವತ್ತು ಸಲ ಹೊಡೀಬೇಕು. ಬೆಳಕು ಹರಿಯೂದರೊಳಗ ಅಲ್ಲಿ ಸಾಲು ಹಚ್ಚಿ ನಿಲ್ಲಾಕ ಶುರು ಮಾಡಿದಳು. ಒಂಬತ್ತು ಕೊಡ ದಿಬ್ಬಕ್ಕ ಹೊತ್ತು, ಮಗುವಿಗೆ ಉಣಿಸಿ, ನೋಡಿಕೊಳ್ಳಾಕ ಗೊತ್ತು ಮಾಡಿದ ಒಬ್ಬ ಮುದುಕಿ ಹತ್ತಿರ ಬಿಟ್ಟು ಎಂಟೂ ಇಪ್ಪತ್ತರ ಬಸ್ಸಿಗೆ ಓಡಬೇಕು. ಬೋರಿಂಗಿನ ಹೆಂಗಸರಿಗೆ ಆಕಿ ಒಂದು ನಾಟಕ ಆದಳು. ಬಸವಣ್ಣಪ್ಪನ ಸೊಸಿ ಒಬ್ಬಾಕಿ ಭಾಳ ಮಾತಿನಾಕಿ. "ಏನ್ ಮೇಡಂ, ಪರ್ಸ್ ಮನಿಯಾಗ ಬಿಟ್ಟು ಕೊಡ ತಂದೀರಿ? ಇದರಾಗ ಟಿಫಿನ್ ಹಿಡಿಯೂದಿಲ್ರಿ," ಅಂತಿದ್ದಳು. ಎಲ್ಲರೂ ನಗೋರು. ಗಿರಿಜಾನೂ ಮೊದಮೊದಲು ನಕ್ಕಳು. ಹೊಸಬಳು ಅಂತ ಸರದಿ ಹಿಂದ ತಳ್ಳೋರು, ಬಸ್ಸು ಹೋಗ್ತದ್ರಿ ಅಂದರೆ, ಬಸ್ಸಿಗೆ ನೀರು ಕುಡಿಸ್ತೀಯೇನು ಅನ್ನೋರು. ಒಂದು ತಿಂಗಳಾದ ಮ್ಯಾಲ ಆಕಿ ನಗೂದು ಬಿಟ್ಟಳು.

ಆಫೀಸಿನಾಗ ಹೆಬ್ಬೆಟ್ಟಿನ ಮಷೀನು ಹತ್ತೂ ಒಂದು ನಿಮಿಷಕ್ಕೆ ಲೇಟ್ ಅಂತ ಬರೀತಿತ್ತು. ಎಂಟೂ ಇಪ್ಪತ್ತರ ಬಸ್ಸು ತಪ್ಪಿದರೆ ಮುಂದಿನವೆಲ್ಲಾ ಶಹಾಪುರದಿಂದಲೇ ತುಂಬಿ ಬರ್ತಿದ್ದವು, ಕೈ ಮಾಡಿದರೂ ನಿಲ್ತಿರಲಿಲ್ಲ. ಮೂರು ಲೇಟಿಗೆ ಅರ್ಧ ದಿನ ರಜಾ. ಫೆಬ್ರುವರಿಯಾಗ ಹನ್ನೊಂದು ಲೇಟ್ ಆದವು ಅಂತ ಆಕಿಯೇ ಹೇಳಿದಳು. ಏಜೆನ್ಸಿಯವ ಫೋನ್ ಮಾಡಿ ಇನ್ನೊಂದು ತಿಂಗಳು ನೋಡ್ತೀನಿ ಅಂದನಂತ.

ಆಗ ನನ್ನ ಹತ್ತಿರ ಎರಡನೇ ಸಲ ಬಂದಳು. ಕಾಗದದ ಮ್ಯಾಲ ಗೆರಿ ಎಳೆದು ತಂದಿದ್ದಳು. ಆರೂವರೆಗೆ, ಟಾಕಿ ತುಂಬಿದಾಗ, ದಿಬ್ಬದ ಓಣಿಗೆ ಬರೇ ಇಪ್ಪತ್ತು ನಿಮಿಷ ಮೊದಲು ಬಿಟ್ಟರೆ ತುದಿಗೆ ಏರ್ತದ. ಉಳಿದವರಿಗೆ ಇಪ್ಪತ್ತು ನಿಮಿಷ ತಡ ಆಗ್ತದ, ನೀರು ಕಡಿಮಿ ಆಗೂದಿಲ್ಲ. ಸರಿಯಾಗೇ ಇತ್ತು. ಹನ್ನೊಂದು ವರ್ಷ ಚಾಬಿ ತಿರುವಿದ ನಾನು ಹೇಳ್ತೀನಿ, ಆ ಗೆರಿಯಾಗ ತಪ್ಪಿರಲಿಲ್ಲ. ಊರ ಸರದಿ ನನ್ನ ಕೈಯಾಗ ಇಲ್ಲ, ಸಭಾದಾಗ ಕೇಳು ಅಂದೆ.

ಗ್ರಾಮಸಭಾದಾಗ ಕೇಳಿದಳು. ಚಂದ ಮಾತಾಡಿದಳು, ಅಂಜಲಿಲ್ಲ.  ಒಬ್ಬ ಮೆಂಬರ್, ಮೇಡಂ ಆಫೀಸಿನ ಟೈಮು ಬದಲಿ ಮಾಡಿಸ್ರಿ, ಅದು ಸಸಾರ ಅಂದ. ಎಲ್ಲರೂ ನಕ್ಕ ಮ್ಯಾಲ ಶರಣಗೌಡ ಎದ್ದ. ತನ್ನ ಕೈಲೆ ಮನಿ ಮಾರಿದವ.

"ಮೇಡಂ, ಊರು ನಿಮಗಿಂತ ಮೊದಲಿಂದ ಅದ," ಅಂದ. "ನಿಮ್ಮ ಬಸ್ಸಿನ ಟೈಮಿಗೆ ಊರು ಏಳೂದಿಲ್ಲ."

ಮಾರ್ಚಿನಾಗ ಶಿವಶರಣ ಯಾದಗಿರಿಯಿಂದ ಅರ್ಧ ಎಚ್‌ಪಿ ಮೋಟರ್ ತಂದು ನಳದ ಪೈಪಿಗೆ ಕೂಡಿಸಿದ. ಸರ್ಕಾರದ ಪೈಪಿಗೆ ಮೋಟರ್ ಹಚ್ಚಿ ನೀರು ಎಳೆಯೂದು ಕಾಯ್ದೆ ಪ್ರಕಾರ ತಪ್ಪು. ನನಗ ಅವತ್ತೇ ಗೊತ್ತಾತು. ನೀರು ಹರಿಯುವಾಗ ಪೈಪಿನ ಮ್ಯಾಲ ಕೈ ಇಟ್ಟರೆ ತಣ್ಣಗ ಇರ್ತದ. ಯಾರರೆ ಮೋಟರ್ ಹಚ್ಚಿದರೆ ಗಬ್ಬಾದ ಎಮ್ಮಿ ಹೊಟ್ಟಿ ಮುಟ್ಟಿದಂಗ ಒಳಗ ಒದೀತದ. ಊರಾಗ ಇನ್ನೂ ಹನ್ನೊಂದು ಮನಿಗೆ ಹಂಥಾ ಮೋಟರ್ ಇದ್ದವು. ಯಾವ್ಯಾವ ಮನಿ ಅಂತ ಕಣ್ಣು ಮುಚ್ಚಿ ಹೇಳ್ತಿದ್ದೆ. ಶರಣಗೌಡನ ಮನಿಯಾಗಿನದು ಒಂದು ಎಚ್‌ಪಿ, ಅದರ ಸಪ್ಪಳ ಪ್ಯಾಟಿ ತನಕ ಕೇಳ್ತಿತ್ತು. ಗಿರಿಜಾಳ ಮನಿಯದು ಹನ್ನೆರಡನೇದು. ಸರದಿ ಎಂಟೂವರೆಗೆ ಅಲ್ಲೇನು, ಆಕಿ ಬಸ್ಸಿಗೆ ಹೋದ ಮ್ಯಾಲ ಮಗು ನೋಡಿಕೊಳ್ಳೂ ಮುದುಕಿ ಬಟನ್ ಒತ್ತುತ್ತಿದ್ದಳು, ಡ್ರಮ್ಮು ತುಂಬ್ತಿದ್ದವು. ಹತ್ತೊಂಬತ್ತು ದಿನ ಆಕಿ ಒಂದೂ ದಿನ ಲೇಟ್ ಆಗಲಿಲ್ಲ.

ಆದರೆ ದಿಬ್ಬದ ಕೆಳಗಿನ ಒಂಬತ್ತು ಮನಿಗೆ ನೀರು ಸಣ್ಣ ಆತು. ಅವರು ಪಂಚಾಯ್ತಿಗೆ ಹೋದರು. ಆಗಷ್ಟೇ ಹೊಸ ಪಿಡಿಒ ಬಂದಿದ್ದ. ಪಿಡಿಒ ಅಂದ್ರ ಪಂಚಾಯ್ತಿಯ ದೊಡ್ಡ ಸಾಹೇಬ. ತುಮಕೂರು ಕಡೆಯವ, ಕಾಯ್ದೆ ಓದಿಕೊಂಡು ಬಂದವ, ನಮ್ಮ ಮಾತು ಅರ್ಧ ತಿಳೀತಿರಲಿಲ್ಲ. ನನ್ನನ್ನ ಕರೆಸಿದ. ಶರಣಗೌಡನ ತಮ್ಮ ಪಕ್ಕದ ಕುರ್ಚಿಯಾಗ ಕುಂತಿದ್ದ.

"ಹೇಳಮ್ಮ, ಊರಲ್ಲಿ ಒಟ್ಟು ಎಷ್ಟು ಮನೆಯವರು ಮೋಟರ್ ಹಾಕಿದ್ದಾರೆ? ಎಲ್ಲ ಒಟ್ಟಿಗೆ ತೆಗೆಸ್ತೀನಿ."

ಆ ಸಾಹೇಬ ಖರೇನೇ ತೆಗೆಸ್ತಿದ್ದ ಅಂತ ನನಗ ಈಗಲೂ ಅನಸ್ತದ. ಹನ್ನೆರಡು ಅಂತ ಒಂದು ಮಾತು ಹೇಳಿದ್ದರೆ ಹನ್ನೆರಡೂ ಹೋಗ್ತಿದ್ದವು. ಆಮೇಲೆ ನಾನೂ ಹೋಗ್ತಿದ್ದೆ.

"ಒಂದ್ರಿ ಸಾಹೇಬ್ರ," ಅಂದೆ.

ಮರುದಿನ ಚೀಟಿ ಬಂತು. ದಿಬ್ಬದ ಮನಿಯ ನಳದ ಕನೆಕ್ಷನ್ ಕಡಿಯೂದು, ಮೋಟರ್ ಜಪ್ತಿ. ಕಡಿಯೂದೂ ನನ್ನ ಕೆಲಸ. ಸಲಕಿ ತೊಗೊಂಡು ಹೋಗಿ ಆಕಿ ಮನಿ ಮುಂದ ಒಂದು ಮೊಳ ಅಗೆದು, ಪೈಪು ಕಂಡ ಮ್ಯಾಲ ಗರಗಸಲೆ ಕೊಯ್ದೆ. ಜಾಲಿ ಗೂಟ ಕೆತ್ತಿ, ಸೈಕಲ್ ಟ್ಯೂಬ್ ಸುತ್ತಿ, ಪೈಪಿನ ಬಾಯಿಗೆ ಜಡಿದೆ. ಗೂಟ ಗಟ್ಟಿ ಕೂಡಬೇಕು, ಇಲ್ಲಾಂದ್ರ ಸೋರ್ತದ, ನನಗೇ ಬೈಗುಳ. ಗಿರಿಜಾ ಅವತ್ತು ರಜಾ ಹಾಕಿದ್ದಳು. ಮಗುವಿನ್ನ ಟೊಂಕದ ಮ್ಯಾಲ ಇಟಗೊಂಡು ಬಾಗಿಲದಾಗ ನಿಂತಿದ್ದಳು. ನಾನು ಮಣ್ಣು ಮುಚ್ಚಿದ ಮ್ಯಾಲ ಕೇಳಿದಳು.

"ಆಯಿ, ಗೌಡರ ಮನಿ ಮೋಟರ್ ಸಪ್ಪಳ ನಿಮಗ ಕೇಳೂದಿಲ್ಲೇನ್ರಿ?"

"ಕೇಳ್ತದ."

"ಮತ್ತ?"

"ನಿಂದು ಕಡೀಲಿಕ್ಕೆ ಚೀಟಿ ಅದ. ಅವರದಕ್ಕ ಇಲ್ಲ."

ಸಲಕಿ ಝಾಡಿಸಿಕೊಂಡು ಇಳಿದು ಬಂದೆ. ಹಿಂದ ಬಾಗಿಲು ಹಾಕಿದ ಸಪ್ಪಳವೂ ಬರಲಿಲ್ಲ. ಆಕಿ ಅಲ್ಲೇ ನಿಂತಿದ್ದಳು ಅಂತ ಕಾಣ್ತದ.

ಏಪ್ರಿಲ್‌ನಾಗ ಬೋರಿಂಗಿನ ನೀರು ತಳ ಕಂಡಿತು. ನಲವತ್ತು ಸಲ ಹೊಡೆಯೂ ಕೊಡಕ್ಕೆ ನೂರು ಸಲ ಬೇಕಾತು. ಬಸವ ಜಯಂತಿಗಿಂತ ಮೊದಲು ಗಿರಿಜಾಳ ನೌಕರಿ ಹೋತು. ಫೋನಿನಾಗೇ ಹೇಳಿದರಂತ, ಕಾಗದಾನೂ ಬರಲಿಲ್ಲ. ಬೋರಿಂಗಿನಾಗ ಸುದ್ದಿ ಆತು. ಬಸವಣ್ಣಪ್ಪನ ಸೊಸಿ ಅವತ್ತು ಆಕಿಗೆ ಸರದಿ ಬಿಟ್ಟುಕೊಟ್ಟಳು, "ಇನ್ನ ಗಡಿಬಿಡಿ ಎಲ್ಲೇದ, ಸಾವಕಾಶ ತುಂಬ್ಕೋ" ಅಂದಳು. ಮೇಡಂ ಅನ್ನೂದು ಆವತ್ತಿನಿಂದ ನಿಂತಿತು.

ಯಾದಗಿರಿಗೆ ಹೊಳ್ಳಿ ಹೋಗಬೇಕಾಗಿತ್ತಲ್ಲ ಅಂತ ನೀವು ಕೇಳಬಹುದು. ಆಗಲಿಲ್ಲ. ಯಾಕಂದ್ರ ಮಗು ಚಂದ ಆಗಿತ್ತು. ದಿಬ್ಬದ ಗಾಳಿಗೆ ಬಂದು ಮೂರು ತಿಂಗಳಿಗೆ ದಮ್ಮು ಬಿಟ್ಟಿತ್ತು, ಔಷಧಿಯ ಪಂಪು ಮೂಲಿಗೆ ಬಿದ್ದಿತ್ತು. ಯಾದಗಿರಿಗೆ ಒಂದು ಮದುವಿಗೆ ಅಂತ ಎರಡು ದಿನ ಒಯ್ದರೆ ಮತ್ತ ಉಬ್ಬಸ ಬಂದು ದವಾಖಾನಿಯಾಗ ಇಟ್ಟಿದ್ದರು. ಮನಿ ಮಾರಬೇಕಂದ್ರ ನೀರಿಲ್ಲದ ಮನಿ ಕೊಳ್ಳೋರು ಯಾರು? ಗಾಳಿ ಬೇಕು ಅಂತ ಬಂದಿದ್ದರು, ಗಾಳಿ ಸಿಕ್ಕಿತು. ಅದೇ ಅವರನ್ನ ಅಲ್ಲಿ ಕಟ್ಟಿ ಹಾಕಿತು.

ಒಂದು ವರ್ಷ ಆಕಿ ಸವಳು ನೀರು ಹೊತ್ತಳು. ಕೂದಲು ಉದುರಿದವು, ಮೈ ಕರ್ರಗಾತು. ಗಂಡ ಶಿಫ್ಟ್ ಮುಗಿಸಿ ಬರುವಾಗ ಮೋಟರ್ ಸೈಕಲ್ಲಿಗೆ ಎರಡು ಕ್ಯಾನು ಕಟ್ಟಿಕೊಂಡು ಬರ್ತಿದ್ದ. ನಾನು ದಿನಾ ಚಾಬಿ ಹಿಡಕೊಂಡು ಅದೇ ದಾರೀಲೆ ಹೋಗ್ತಿದ್ದೆ. ಆಕಿ ದಾರಿ ಬಿಟ್ಟು ನಿಲ್ತಿದ್ದಳು, ನಾನು ದಾಟಿ ಹೋಗ್ತಿದ್ದೆ.

ಮರುವರ್ಷ ಲಾಗ್ ಬುಕ್ ಹೋಗಿ ಮೊಬೈಲಿನಾಗ ತುಂಬೂದು ಬಂತು. ಟಾಕಿಯ ಫೋಟೋ, ಮೀಟರಿನ ಫೋಟೋ, ದಿನಾ ಕಳಿಸಬೇಕು. ನನಗ ಅದು ಆಗಲಿಲ್ಲ. ವಯಸ್ಸೂ ಅರವತ್ತು ದಾಟಿತ್ತು. ಪಿಡಿಒ ಸಾಹೇಬ ನನ್ನ ಬಿಡಿಸಿ ಗಿರಿಜಾಳನ್ನ ಹಾಕಿದ. ಊರಾಗ ಕಂಪ್ಯೂಟರ್ ಬಲ್ಲ, ಈ ಪಗಾರಕ್ಕೆ ಒಪ್ಪುವ ಇನ್ನೊಬ್ಬರು ಇರಲಿಲ್ಲ. ಶರಣಗೌಡನೂ ತಕರಾರು ಮಾಡಲಿಲ್ಲ. ಹೊರಗಿನಾಕಿ, ಹಿಂದ ಮುಂದ ಯಾರೂ ಇಲ್ಲ, ಹೇಳಿದಂಗ ಕೇಳ್ತಾಳ ಅಂದನಂತ. ನನ್ನನ್ನ ಕೆಲಸಕ್ಕ ಇಟ್ಟುಕೊಂಡಾಗಲೂ ಅವರ ಮನಿಯವರು ಅದೇ ಅಂದಿದ್ದಿರಬೇಕು.

ಒಂದು ವಾರ ಆಕಿನ್ನ ಕರಕೊಂಡು ತಿರುಗಿ ಕೆಲಸ ಕಲಿಸಿದೆ. ಯಾವ ವಾಲ್ವ್ ಎಷ್ಟು ಸುತ್ತು, ಯಾವುದು ಜಂಗು ಹಿಡಿದದ, ಎಲ್ಲಿ ಪೈಪು ತೆಳ್ಳಗಾಗ್ಯಾವ. ಕೆಲಸ ಒಪ್ಪಿಸಬೇಕಂದ್ರ ಪೂರಾ ಒಪ್ಪಿಸಬೇಕು. ಹನ್ನೊಂದು ಮೋಟರಿನ ಮನಿಗಳನ್ನೂ ತೋರಿಸಿದೆ. ಆಕಿ ಒಂದೊಂದೇ ಬರಕೊಂಡಳು. ಕಡೀ ದಿನ ಟಾಕಿ ಕೆಳಗ ಕುಂತಾಗ ಕೇಳಿದಳು.

"ಆ ಐತವಾರ ನೀರು ಹೆಂಗ ಬಂತು ಅಂತ ನನಗ ಮೂರನೇ ದಿನಾನ ತಿಳೀತು, ಆಯಿ. ನಿಮ್ಮ ಬಾಯಿಲೆ ಕೇಳಬೇಕಾಗಿತ್ತು."

ಹೇಳಿದೆ. ನಾಕೂ ವಾಲ್ವ್ ಬಂದ್ ಮಾಡಿದ್ದು ಹೇಳಿದೆ. ಪಿಡಿಒಗೆ ಒಂದು ಅಂದದ್ದೂ ಹೇಳಿದೆ, ಅದು ಆಕಿಗೆ ಗೊತ್ತಿರಲಿಲ್ಲ. ಮಾಫ್ ಮಾಡು ಅನಲಿಲ್ಲ. ಅಂದರೆ ಏನಾಗ್ತಿತ್ತು, ಆಕಿ ನೌಕರಿ ಬರ್ತಿತ್ತೇನು? ಆಕಿ ನೋಟ್‌ಬುಕ್ ಮಡಚಿ ಎದ್ದು ಕೈ ಚಾಚಿದಳು.

"ಚಾಬಿ ಕೊಡ್ರಿ."

ಕೊಟ್ಟೆ. ಈಗ ಹನ್ನೊಂದು ಮೋಟರ್ ಹೋದವು ಅಂದುಕೊಂಡೆ. ಶರಣಗೌಡನ ಮನಿ ಮುಂದ ಈಕಿ ಅಗೆಯೂದು ನೋಡಾಕ ನಾನೂ ಹೋಗಬೇಕು ಅಂತ ಮನಸ್ಸಿನಾಗ ಇತ್ತು.

ಆಕಿ ಅಗೆಯಲಿಲ್ಲ. ಸಂಜೀಗೆ ಶರಣಗೌಡನ ಕಟ್ಟೀಗೆ ಹೋದಳು. ಹೊಸಬಳನ್ನ ತೋರಿಸಿ ಬರೂದು ರಿವಾಜು, ನಾನೂ ಜೊತೀಗೆ ಹೋಗಿದ್ದೆ. ಆ ಹನ್ನೊಂದು ಹೆಸರಿನ ಹಾಳಿ ಆಕಿ ತೆಗೆಯಲಿಲ್ಲ, ಮೋಟರಿನ ಮಾತೇ ಆಡಲಿಲ್ಲ. ದಿಬ್ಬದ ಮ್ಯಾಲಿನ ಇನ್ನೆರಡು ಮನಿ ಎರಡು ವರ್ಷದಿಂದ ಖಾಲಿ ಬಿದ್ದಾವಲ್ರಿ ಅಂದಳು. ಆರೂವರೆಗೆ ಮೊದಲ ನೀರು ದಿಬ್ಬಕ್ಕ ಕೊಡ್ರಿ, ಒಂದು ತಿಂಗಳದಾಗ ಹೋಗ್ತಾವ ಅಂದಳು. ಗೌಡ ಮೀಸಿ ಮುಟ್ಟಿಕೊಂಡ. ಮೊದಲ ನೀರು ಬಿಟ್ಟರೆ ಓಣಿಯವರು ಏನಂತಾರ ಅಂದ.

"ನೋಡ್ರಿ ಗೌಡ್ರ, ಮಾನ ಇಟಗೋತೀರೋ ಮನಿ ಮಾರ್ತೀರೋ," ಅಂದಳು ಗಿರಿಜಾ.

ಅವ ನಕ್ಕ. ಭಾಳ ಹೊತ್ತು ನಕ್ಕ. ಟಾಕಿ ಕಟ್ಟಿದಾಗಿನಿಂದ ಯಾರ ಕೈಲೂ ಬದಲಿ ಆಗದ ಸರದಿ ಮರುದಿನ ಮುಂಜಾನೆ ಬದಲಿ ಆತು. ಗ್ರಾಮಸಭಾ ಕೂಡಲಿಲ್ಲ, ಕಾಗದ ಬರೀಲಿಲ್ಲ. ಆಕಿ ತನ್ನ ಮನಿ ಪೈಪಿನ ಗೂಟ ತಾನೇ ಕಿತ್ತು ಹೊಸ ಪೈಪು ಕೂಡಿಸಿಕೊಂಡಳು. ಎರಡೂ ಮನಿ ಮಾರಿದವು. ಒಂದರಾಗ ಯಾದಗಿರಿಗೆ ಹೋಗೋ ಮಾಸ್ತರ, ಇನ್ನೊಂದರಾಗ ಫ್ಯಾಕ್ಟರಿಯವರು. ಅವರಿಗೆ ದಿನಾ ಆರೂವರೆಗೆ ನೀರು. ಅವರು ಗಿರಿಜಾಳಿಗೆ ಮೇಡಂ ಅಂತಾರ.

ಐದು ಓಣಿಯ ನೀರಿನಾಗ ಒಂದಕ್ಕೆ ಹೆಚ್ಚಾದರೆ ಇನ್ನೊಂದಕ್ಕೆ ಕಡಿಮಿ ಆಗಬೇಕಲ್ಲ. ಅವತ್ತಿನ ಗೆರಿಯಾಗಿನ ಲೆಕ್ಕ ಒಂದು ಮನಿಯದು, ಈಗ ಮೂರು ಹೊಸ ಮನಿಯ ಸಂಪು ತುಂಬಿ, ಹನ್ನೊಂದು ಮೋಟರ್ ಎಳೆದ ಮ್ಯಾಲ ಟಾಕಿಯ ತಳದಾಗ ಏನೂ ಉಳೀತಿಲ್ಲ. ಮೊದಲು ಕೇರಿಗೆ ವಾರದಾಗ ನಾಕು ದಿನ ನೀರು ಹೋಗ್ತಿತ್ತು, ಈಗ ಎರಡು. ಕೇರಿಯ ಮಲ್ಲವ್ವ ಎಂಟು ಹೆಂಗಸರನ್ನ ಕರಕೊಂಡು ಗಿರಿಜಾಳ ಹತ್ತಿರ ಹೋಗಿದ್ದಳು. ಸರದಿ ತಿರುಗಿಸು ಯವ್ವಾ, ವಾರಕ್ಕೊಮ್ಮೆರೆ ನಮಗ ಮೊದಲು ಬಿಡು ಅಂತ ಕೇಳಿದಳಂತ. ಗಿರಿಜಾ ಸಿಟ್ಟಾಗಲಿಲ್ಲ, ಕುಂದರಿಸಿ ಎಲ್ಲಾ ಕೇಳಿದಳು, ಹೆಸರು ಬರಕೊಂಡಳು. ಮೀಟಿಂಗಿನಾಗ ಇಡ್ತೀನಿ ಅಂದಳು. ಇಟ್ಟಿಲ್ಲ. ನಾನು ಒಂದು ದಿನ ದಾರೀಲೆ ನಿಲ್ಲಿಸಿ ಕೇಳಿದೆ, ಕೇರಿಯವರದು ಏನು ಮಾಡಿದಿ ಅಂತ.

"ನನ್ನ ಮಗಳಿಗೆ ನೀರು ಬರಾಕತ್ತದ, ಆಯಿ," ಅಂದಳು. "ನೀವು ಹನ್ನೊಂದು ವರ್ಷ ಅವರಿಗೆ ಏನು ಮಾಡಿದ್ರಿ?"

 ಕೊಡ ತೊಗೊಂಡು ಮನಿಗೆ ಬಂದೆ.

ಈಗ ಯಾದಗಿರಿಯಿಂದ, ಶಹಾಪುರದಿಂದ ಮಂದಿ ಮನಿ ನೋಡಾಕ ಬರೂದು ಇನ್ನೂ ಹೆಚ್ಚಾಗ್ಯದ. ಹಳ್ಳ್ಯಾಗ ಇದ್ದು ಶಹರಕ್ಕ ನೌಕರಿಗೆ ಹೋಗಿಬರ್ತೀವಿ ಅಂತಾರ. ಬಸ್ಸು ಕೇಳ್ತಾರ, ಸಾಲಿ ಕೇಳ್ತಾರ, ನಳ ತಿರುವಿ ನೋಡ್ತಾರ. ಅಂಥವರಿಗೆ ನಾನು ಹೇಳೂದು ಇಷ್ಟು. ನಳ ನಂಬಬ್ಯಾಡ್ರಿ. ಚಾಬಿ ಹಿಡಿದಾಕಿನ್ನ ಕೇಳಬ್ಯಾಡ್ರಿ, ಆಕಿ ಚಾಬಿ ಉಳಿಸಿಕೊಳ್ಳೂ ಮಾತು ಹೇಳ್ತಾಳ, ನಾನು ಹೇಳಿದ್ದೀನಿ. ಯಾರಿಗೂ ತಿಳಿಸದೆ ಒಂದು ಸಾದಾ ದಿನ ಬರ್ರಿ. ಮಾಲಕನ ಮನಿ ಬಿಟ್ಟು ಆ ಓಣಿಯ ಕಡೀ ಮನಿಗೆ ಹೋಗಿ ಕುಡಿಯಾಕ ನೀರು ಕೇಳ್ರಿ. ಇಲ್ಲ ಅನ್ನೂದಿಲ್ಲ ಅವರು. ತಂಬಿಗಿ ತುಂಬಿ ಬಂತೋ, ಅರ್ಧ ಬಂತೋ, ಅದನ್ನ ನೋಡ್ರಿ.